ಬೆಂಗಳೂರು ಮೈಸೂರು ದಶಪಥದಲ್ಲಿ ನನಗೆ 118ಕ್ಕೆ ಫೈನ್, ಭಾವನಿಗೆ 134ಕ್ಕೆ ಎಫ್‌ಐಆರ್. ಗೊತ್ತಿರುವವರು ಸ್ವಲ್ಪ ಹೇಳಿ

ಕೆಂಗೇರಿ_ಉಪನಗರ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಹೋದ ತಿಂಗಳು ನಮ್ಮ ಅತ್ತೆಯ ಮನೆಯಲ್ಲಿ ಗೃಹಪ್ರವೇಶ ಇತ್ತು, ಮೈಸೂರಿನಲ್ಲಿ. ಎರಡು ಕಾರಿನಲ್ಲಿ ಹೊರಟೆವು. ನನ್ನದರಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಇನ್ನೊಂದರಲ್ಲಿ ಅಕ್ಕ ಭಾವ. ಕೆಂಗೇರಿ ದಾಟುವಷ್ಟರಲ್ಲೇ ಮುಕ್ಕಾಲು ಗಂಟೆ ಹೋಯಿತು, ಮುಹೂರ್ತಕ್ಕೆ ಮುಂಚೆ ಸೇರಬೇಕು ಅಂತ ಬಿಡದಿ ಆದ ಮೇಲೆ ಇಬ್ಬರೂ ಜೋರಾಗಿ ಓಡಿಸಿದೆವು. ಸುಳ್ಳು ಹೇಳುವುದಿಲ್ಲ, ರಸ್ತೆ ಖಾಲಿ ಇತ್ತು, ಮೀಟರ್ ನೋಡಲೇ ಇಲ್ಲ.

ನಾಲ್ಕು ದಿನ ಆದ ಮೇಲೆ ನನ್ನ ಫೋನಿಗೆ ಮೆಸೇಜ್ ಬಂತು. ವೇಗ 118, ದಂಡ 1000 ರೂಪಾಯಿ, ಜೊತೆಗೆ ಫೋಟೋ. ಸರಿ, ತಪ್ಪು ನನ್ನದೇ, ಕಟ್ಟುತ್ತೇನೆ. ಆದರೆ ಅಕ್ಕನಿಗೆ ಬಂದಿದ್ದು ಬೇರೆ. ಠಾಣೆಯಿಂದ ಫೋನ್. ನಿಮ್ಮ ಗಾಡಿ 134ರಲ್ಲಿ ಹೋಗಿದೆ, ಎಫ್‌ಐಆರ್ ಆಗಿದೆ, ಯಾರು ಓಡಿಸುತ್ತಿದ್ದರು ಹೇಳಿ ಅಂತ. ಗಾಡಿ ಅಕ್ಕನ ಹೆಸರಲ್ಲಿದೆ. ಓಡಿಸಿದ್ದು ಭಾವ. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಸ್ಪೀಡಿಗೆ ಫೈನ್ ಹಾಕುವುದು ಗೊತ್ತು, ಎಫ್‌ಐಆರ್ ಹಾಕುತ್ತಾರೆ ಅಂತ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. 118ಕ್ಕೂ 134ಕ್ಕೂ ಇರುವುದು ಬರೀ 16 ಕಿಲೋಮೀಟರ್. ಒಬ್ಬನಿಗೆ ಸಾವಿರ ರೂಪಾಯಿ, ಇನ್ನೊಬ್ಬನಿಗೆ ಕ್ರಿಮಿನಲ್ ಕೇಸ್. ಇದು ಹೇಗೆ? ಅಕ್ಕ ಏನು ಮಾಡಬೇಕು?

ವಕೀಲರು_ಮೈಸೂರು:
ಮೊದಲು ಅಕ್ಕನಿಗೆ ಧೈರ್ಯ ಹೇಳಿ. ಅವರು ಓಡಿಸಿಲ್ಲ ಅಂದರೆ ಕೇಸ್ ಅವರ ಮೇಲೆ ನಿಲ್ಲುವುದಿಲ್ಲ. ಆದರೆ ಓಡಿಸಿದ್ದು ಯಾರು ಅಂತ ಪೊಲೀಸರು ಕೇಳಿದಾಗ ಹೇಳುವುದು ಗಾಡಿ ಮಾಲೀಕರ ಕರ್ತವ್ಯ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 133 ಅದನ್ನೇ ಹೇಳುತ್ತದೆ. ಮುಚ್ಚಿಡಲು ಹೋಗಬೇಡಿ. ಭಾವ ಡಿಎಲ್ ತೆಗೆದುಕೊಂಡು ತಾವೇ ಠಾಣೆಗೆ ಹೋಗಲಿ.

ಈಗ ಕಾನೂನು. 1988ರ ಕಾಯ್ದೆಯ ಸೆಕ್ಷನ್ 112 ಪ್ರಕಾರ ಗರಿಷ್ಠ ವೇಗ ಮೀರಿ ಓಡಿಸಬಾರದು. ಆ ಗರಿಷ್ಠ ಎಷ್ಟು ಅಂತ ಕೇಂದ್ರ ಸರ್ಕಾರ ಹೇಳುತ್ತದೆ. 2018ರ ಏಪ್ರಿಲ್‌ನ ಅಧಿಸೂಚನೆಯಲ್ಲಿ ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ಡಿವೈಡರ್ ಇರುವ ನಾಲ್ಕು ಅಥವಾ ಹೆಚ್ಚು ಪಥದ ರಸ್ತೆಯಲ್ಲಿ 100, ಊರೊಳಗೆ 70 ಅಂತ ಇಟ್ಟರು. ಇದು ಮೇಲಿನ ಮಿತಿ. ಜನರ ಸುರಕ್ಷತೆಗೆ ಬೇಕು ಅನಿಸಿದರೆ ರಾಜ್ಯ ಸರ್ಕಾರ ಯಾವುದೇ ರಸ್ತೆಯಲ್ಲಿ ಇದಕ್ಕಿಂತ ಕಡಿಮೆ ಮಾಡಬಹುದು, ಬೋರ್ಡ್ ಹಾಕಬೇಕು ಅಷ್ಟೆ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100.

100 ಮೀರಿದರೆ ಸೆಕ್ಷನ್ 183. ಹಿಂದೆ ಮೊದಲ ಸಲಕ್ಕೆ ಹೆಚ್ಚೆಂದರೆ 400 ರೂಪಾಯಿ ಇತ್ತು. 2019ರ ತಿದ್ದುಪಡಿ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ ಕಾರು, ಬೈಕಿನಂಥ ಲಘು ವಾಹನಕ್ಕೆ 1000ದಿಂದ 2000, ಮಧ್ಯಮ ಮತ್ತು ಭಾರಿ ವಾಹನಕ್ಕೆ 2000ದಿಂದ 4000. ಎರಡನೇ ಸಲ ಸಿಕ್ಕಿಬಿದ್ದರೆ ಡಿಎಲ್ ಕೂಡ ವಶಕ್ಕೆ ಹೋಗುತ್ತದೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯ ನಿಗದಿ ಮಾಡುತ್ತದೆ. ನಮ್ಮಲ್ಲಿ ಕಾರು ಬೈಕಿಗೆ 1000, ದೊಡ್ಡ ಗಾಡಿಗೆ 2000. ನಿಮ್ಮದು ಇದು. ಕಟ್ಟಿ, ಮುಗಿಯಿತು.

ಭಾವನದು ಬೇರೆ. 2024ರಲ್ಲಿ ರಸ್ತೆ ಸುರಕ್ಷತೆಯ ಹೊಣೆ ಹೊತ್ತಿದ್ದ ಹಿರಿಯ ಪೊಲೀಸ್ ಅಧಿಕಾರಿ, ಎಡಿಜಿಪಿ ಅಲೋಕ್ ಕುಮಾರ್ ಅವರು ಒಂದು ನಿಯಮ ತಂದರು. ಆಗಸ್ಟ್ 1ರಿಂದ ರಾಜ್ಯದ ಯಾವ ರಸ್ತೆಯಲ್ಲಾದರೂ ಸರಿ, 130 ಮೀರಿದರೆ ಬರೀ ಫೈನ್ ಅಲ್ಲ, ಎಫ್‌ಐಆರ್. ಇದಕ್ಕೆ ಹೊಸ ಕಾನೂನೇನೂ ಬಂದಿಲ್ಲ. ಅಡ್ಡಾದಿಡ್ಡಿ ಚಾಲನೆಗೆ ಮೊದಲಿನಿಂದಲೂ ಇರುವ ಸೆಕ್ಷನ್‌ಗಳನ್ನೇ ಹಾಕುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 281, ಅಂದರೆ ಹಳೆಯ ಐಪಿಸಿಯ 279. ಅದಕ್ಕೆ 6 ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜೊತೆಗೆ ಮೋಟಾರು ವಾಹನ ಕಾಯ್ದೆಯ 184, ಅಪಾಯಕಾರಿ ಚಾಲನೆ. ಅದರಲ್ಲಿ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ 1000ದಿಂದ 5000 ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 2 ವರ್ಷದವರೆಗೆ ಜೈಲು ಅಥವಾ 10,000 ದಂಡ.

281 ಜಾಮೀನು ಸಿಗುವ ಅಪರಾಧ. ಬಂಧನದ ಭಯ ಬೇಡ. ಆದರೆ ಸುಮ್ನೆ ಬಿಡಬೇಡಿ, ಕೋರ್ಟಿಗೆ ಹೋಗಲೇಬೇಕು.

ಕೆಂಗೇರಿ_ಉಪನಗರ:
ತುಂಬಾ ಥ್ಯಾಂಕ್ಸ್ ಸರ್. ಅಕ್ಕನಿಗೆ ಓದಿ ಹೇಳಿದೆ, ಈಗ ಸ್ವಲ್ಪ ಸಮಾಧಾನ ಆಗಿದೆ. ಒಂದು ಪ್ರಶ್ನೆ. ಭಾವನ ಪಾಸ್‌ಪೋರ್ಟ್ ರಿನ್ಯೂವಲ್ ಬರುತ್ತಿದೆ, ಕಂಪನಿಯವರು ವಿದೇಶಕ್ಕೆ ಕಳಿಸುವ ಮಾತಿದೆ. ಇದರಿಂದ ತೊಂದರೆ ಆಗುತ್ತಾ?

ವಕೀಲರು_ಮೈಸೂರು:
ಆಗಬಹುದು. ಕ್ರಿಮಿನಲ್ ಕೇಸ್ ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ಕಚೇರಿ ಕೋರ್ಟಿನ ಅನುಮತಿ ಕೇಳುತ್ತದೆ. ಅರ್ಜಿಯಲ್ಲಿ ಕೇಸ್ ಇಲ್ಲ ಅಂತ ಬರೆದು ಆಮೇಲೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ಸಿಕ್ಕರೆ ಅದು ಇನ್ನೊಂದು ತಪ್ಪು. ಹಾಗಾಗಿ ಮೊದಲು ಕೇಸ್ ಮುಗಿಸಿಕೊಳ್ಳಲಿ. ತಪ್ಪು ಒಪ್ಪಿಕೊಳ್ಳುವುದಾ, ವಾದ ಮಾಡುವುದಾ ಅನ್ನುವುದನ್ನು ಕಾಗದಪತ್ರ ನೋಡಿ ಸ್ಥಳೀಯ ವಕೀಲರ ಹತ್ತಿರ ಮಾತಾಡಿ ನಿರ್ಧರಿಸಲಿ. ನಾನು ಇಲ್ಲಿ ಕೂತು ಹೇಳುವುದು ಸರಿಯಲ್ಲ.

ಡಿಎಲ್ ವಿಷಯವೂ ಇದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ, ಅತಿವೇಗಕ್ಕೆ ಕನಿಷ್ಠ 3 ತಿಂಗಳು ಡಿಎಲ್ ಅಮಾನತು ಮಾಡಿ ಅಂತ. ಆರ್‌ಟಿಒದಿಂದ ನೋಟಿಸ್ ಬಂದರೆ ತಪ್ಪದೆ ಉತ್ತರ ಕೊಡಲಿ.

ವೀಕೆಂಡ್_ಡ್ರೈವರ್:
ನನ್ನ ಅಭಿಪ್ರಾಯ ಬೇರೆ, ಬೇಜಾರು ಮಾಡಿಕೊಳ್ಳಬೇಡಿ. 119 ಕಿಲೋಮೀಟರ್ ರಸ್ತೆಗೆ ಅಷ್ಟು ಸಾವಿರ ಕೋಟಿ ಸುರಿದು, ಮಧ್ಯದಲ್ಲಿ ಆರು ಪಥ, ಅಕ್ಕಪಕ್ಕ ಸರ್ವಿಸ್ ರೋಡ್, ಊರೆಲ್ಲ ಬೈಪಾಸ್, ಟೋಲ್ ಬೇರೆ ಕಟ್ಟುತ್ತೇವೆ, ಅಷ್ಟೆಲ್ಲ ಆದ ಮೇಲೆ 100ರಲ್ಲಿ ಹೋಗಿ ಅಂದರೆ ಏನರ್ಥ? ಎಲ್ಲರೂ ಎಕ್ಸ್‌ಪ್ರೆಸ್‌ವೇ ಅಂತಾರೆ, ಎಕ್ಸ್‌ಪ್ರೆಸ್‌ವೇಗೆ 120 ಅಂತ ಮೇಲೆ ವಕೀಲರೇ ಬರೆದಿದ್ದಾರೆ. ಈಗಿನ ಕಾರುಗಳು 120ರಲ್ಲಿ ಅಲ್ಲಾಡುವುದೂ ಇಲ್ಲ. ಆರು ಏರ್‌ಬ್ಯಾಗ್, ಎಬಿಎಸ್, ಎಲ್ಲ ಇದೆ. ನಾನು ಹತ್ತು ವರ್ಷದಿಂದ ಓಡಿಸುತ್ತಿದ್ದೇನೆ, ಒಂದು ಗೀರು ಬಿದ್ದಿಲ್ಲ. ಅಪಘಾತ ಆಗುವುದು ವೇಗದಿಂದ ಅಲ್ಲ, ಲೇನ್ ಶಿಸ್ತು ಇಲ್ಲದ್ದರಿಂದ. ಬಲಗಡೆ ಲೇನಿನಲ್ಲಿ 60ರಲ್ಲಿ ಹೋಗುವ ಲಾರಿಯನ್ನು ಯಾರು ಹಿಡಿಯುತ್ತಾರೆ?

ವಕೀಲರು_ಮೈಸೂರು:
ಒಂದು ಚಿಕ್ಕ ತಿದ್ದುಪಡಿ. ಜನ ಎಕ್ಸ್‌ಪ್ರೆಸ್‌ವೇ ಅಂತ ಕರೆಯುತ್ತಾರೆ ನಿಜ. ಕಾಗದದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 275. ಬೋರ್ಡಿನಲ್ಲಿ 100 ಅಂತಿದೆ. ಕೋರ್ಟ್ ನೋಡುವುದು ಆ ಬೋರ್ಡನ್ನು. ಲೇನ್ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ.

ಎಳನೀರು_ಲಾರಿ:
ಬಲಗಡೆ ಲೇನಿನ ಲಾರಿ ಬಗ್ಗೆ ಹೇಳಿದ್ದೀರಲ್ಲ, ನಾನೇ ಆ ಲಾರಿಯವನು ಅಂದುಕೊಳ್ಳಿ. ಮದ್ದೂರು ಮಾರ್ಕೆಟ್ಟಿನಿಂದ ಎಳನೀರು ತುಂಬಿಕೊಂಡು ಹೋಗುತ್ತೇನೆ. 22 ವರ್ಷದ ಸರ್ವಿಸ್.

ನಮ್ಮ ಗಾಡಿಗೆ ಸ್ಪೀಡ್ ಗವರ್ನರ್ ಇದೆ, 80ರ ಮೇಲೆ ಹೋಗುವುದಿಲ್ಲ. ಲೋಡ್ ಇದ್ದರೆ ಏರಿನಲ್ಲಿ 50 ಸಿಕ್ಕರೆ ಪುಣ್ಯ. ನಾನು ಎಡಗಡೆಯೇ ಹೋಗುತ್ತೇನೆ. ಆದರೆ ಎಡಗಡೆ ಅಂಚಿನಲ್ಲಿ ಯಾರೋ ಗಾಡಿ ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡುತ್ತಾ ನಿಂತಿರುತ್ತಾರೆ, ಪಂಕ್ಚರ್ ಆದ ಗಾಡಿ ನಿಂತಿರುತ್ತದೆ. ಆಗ ಬಲಕ್ಕೆ ಬರಲೇಬೇಕು. ಕನ್ನಡಿ ನೋಡುತ್ತೇನೆ, ಹಿಂದೆ ದೂರದಲ್ಲಿ ಒಂದು ಲೈಟ್ ಕಾಣುತ್ತದೆ, ಇನ್ನೂ ಟೈಮ್ ಇದೆ ಅಂತ ಇಂಡಿಕೇಟರ್ ಹಾಕಿ ಹೊರಳಿಸುತ್ತೇನೆ. ಅಷ್ಟರಲ್ಲಿ ಆ ಲೈಟ್ ನನ್ನ ಬೆನ್ನಿಗೆ ಬಂದಿರುತ್ತದೆ. 140, 150ರಲ್ಲಿ ಬರುವ ಗಾಡಿ ಎಷ್ಟು ದೂರದಲ್ಲಿದೆ ಅಂತ ಕನ್ನಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ರಾತ್ರಿ ಹೊತ್ತು ಬಿಲ್‌ಕುಲ್ ತಿಳಿಯುವುದಿಲ್ಲ. ಹಾರ್ನ್ ಹೊಡೆಯುತ್ತಾರೆ, ಬೈಯುತ್ತಾರೆ, ಹೋಗುತ್ತಾರೆ. ಒಂದು ಸಲ ಹಾಗೆ ಬಂದ ಕಾರು ಡಿವೈಡರ್ ಉಜ್ಜಿಕೊಂಡು ನಿಂತಿತು. ಒಳಗೆ ಎಳೆ ಮಗು ಇತ್ತು. ಯಾರಿಗೂ ಏನೂ ಆಗಲಿಲ್ಲ. ಆವತ್ತು ಮಂಡ್ಯದಲ್ಲಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ, ಕೈ ನಡುಗುತ್ತಿತ್ತು.

ಇನ್ನೊಂದು ಮಾತು. ನಮಗೆ ಫೈನ್ ಬಿದ್ದರೆ 2000. ಕೆಲವು ಮಾಲೀಕರು ಇಷ್ಟು ಗಂಟೆಗೆ ಮಾಲು ಮುಟ್ಟಬೇಕು ಅಂತಾರೆ, ಫೈನ್ ಬಂದರೆ ನಿನ್ನ ಸಂಬಳದಲ್ಲಿ ಹಿಡಿಯುತ್ತೇನೆ ಅಂತಾರೆ. ಇದಕ್ಕೆ ಕಾನೂನು ಏನಾದರೂ ಇದೆಯಾ ವಕೀಲ್ರೇ?

ವಕೀಲರು_ಮೈಸೂರು:
ಇದೆ ಅಣ್ಣ. ಅದೇ 183ರ ಎರಡನೇ ಭಾಗ. ಕೆಲಸಕ್ಕೆ ಇಟ್ಟುಕೊಂಡ ಚಾಲಕನಿಂದ ಮಿತಿ ಮೀರಿ ಓಡಿಸುವ ಮಾಲೀಕನಿಗೂ ಶಿಕ್ಷೆ ಇದೆ. ಹಾಗೆ ಹೇಳಿದ ಮೆಸೇಜ್ ಇದ್ದರೆ ಫೋನಿನಲ್ಲಿ ಹಾಗೇ ಇಟ್ಟುಕೊಳ್ಳಿ.

ಮದ್ದೂರು_ಮಗಳು:
ಈ ರಸ್ತೆ ನಮ್ಮ ಊರಿನ ಪಕ್ಕ ಹೋಗುತ್ತದೆ. ನಮಗೆ ಇದು ಮೈಸೂರಿಗೆ ಹೋಗುವ ದಾರಿ ಅಲ್ಲ, ನಮ್ಮ ಹೊಲಕ್ಕೆ ಅಡ್ಡ ಬಿದ್ದಿರುವ ರಸ್ತೆ. ಮೊದಲು ಐದು ನಿಮಿಷದಲ್ಲಿ ಆಚೆ ಹೋಗುತ್ತಿದ್ದೆವು. ಈಗ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಬೇಕು. ವಯಸ್ಸಾದವರು ಸುತ್ತುವುದಿಲ್ಲ, ಬೇಲಿ ಸಂದಿಯಲ್ಲಿ ನುಗ್ಗುತ್ತಾರೆ. ತಪ್ಪು ಅಂತ ನಮಗೂ ಗೊತ್ತು, ಹೇಳುತ್ತಲೇ ಇರುತ್ತೇವೆ.

2023ರ ಮಾರ್ಚ್‌ನಲ್ಲಿ ಪ್ರಧಾನಿ ಬಂದು ರಸ್ತೆ ಉದ್ಘಾಟನೆ ಮಾಡಿದರು. ಆಮೇಲೆ ಬಂದ ಬೇಸಿಗೆಯನ್ನು ನಾನು ಮರೆಯುವುದಿಲ್ಲ. ರಾತ್ರಿ ಮಲಗಿದ್ದಾಗ ಆ ಶಬ್ದ ಕೇಳುತ್ತಿತ್ತು. ಮೊದಲು ಟೈರ್ ಕಿರುಚಿದ್ದು, ಆಮೇಲೆ ಡಬ್ ಅಂತ. ನಮ್ಮ ಅಣ್ಣ, ಪಕ್ಕದ ಮನೆಯವರು ಟಾರ್ಚ್ ಹಿಡಿದು ಓಡುತ್ತಿದ್ದರು. ನಮ್ಮ ಬೀದಿಯ ಒಬ್ಬ ಅಜ್ಜಿ, ನಮಗೆಲ್ಲ ಚಿಕ್ಕಂದಿನಲ್ಲಿ ಕಬ್ಬು ಸಿಗಿದು ಕೊಡುತ್ತಿದ್ದವರು, ಹಸುವಿಗೆ ಹುಲ್ಲು ತರಲು ಹೋದವರು ವಾಪಸ್ ಬರಲಿಲ್ಲ. ಬಡಿದ ಕಾರು ನಿಲ್ಲಲೂ ಇಲ್ಲ.

ಜುಲೈನಲ್ಲಿ ಸ್ಪೀಡ್ ಗನ್ ಹಿಡಿದು ಪೊಲೀಸರು ನಿಂತರು. ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರಬಾರದು ಅಂತ ಆಯಿತು. ಮುಂದಿನ ವರ್ಷ ಕ್ಯಾಮೆರಾ ಹಾಕಿದರು. ನನಗೆ ಅಂಕಿಅಂಶ ಬೇಡ, ನಮ್ಮ ಮನೆಗೆ ಆ ಶಬ್ದ ಕೇಳುವುದು ಕಡಿಮೆ ಆಗಿದೆ. 100 ಕಡಿಮೆ ಆಯಿತು ಅನ್ನುವವರು ಒಂದು ರಾತ್ರಿ ನಮ್ಮ ಮನೆಯಲ್ಲಿ ಬಂದು ಮಲಗಿ.

ವೀಕೆಂಡ್_ಡ್ರೈವರ್:
ಅಕ್ಕ, ಓದಿ ಮನಸ್ಸಿಗೆ ಕಷ್ಟ ಆಯಿತು. ನಾನು ಹೇಳಿದ್ದು ಖಾಲಿ ರಸ್ತೆಯ ಮಾತು. ಅಜ್ಜಿಯ ವಿಷಯ ಕೇಳಿದ ಮೇಲೆ ವಾದ ಮಾಡಲು ಮನಸ್ಸಿಲ್ಲ. ಆದರೂ ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳುತ್ತೇನೆ. 100ಕ್ಕೂ 130ಕ್ಕೂ ಅಷ್ಟು ವ್ಯತ್ಯಾಸ ಇದೆಯಾ? ಬ್ರೇಕ್ ಒಳ್ಳೆಯದಿದ್ದರೆ?

ಫಿಸಿಕ್ಸ್_ಮೇಷ್ಟ್ರು_ಹಾಸನ:
ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಪಿಯುಸಿ ಮಕ್ಕಳಿಗೆ ಪ್ರತಿ ವರ್ಷ ಈ ಲೆಕ್ಕ ಮಾಡಿಸುತ್ತೇನೆ.

100ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. 130ರದ್ದು 36 ಮೀಟರ್. ಎದುರಿಗೆ ಏನೋ ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಆಮೇಲೆ ಒಣ ರಸ್ತೆ, ಹೊಸ ಟೈರ್, ಒಳ್ಳೆಯ ಬ್ರೇಕ್. 100ರ ಕಾರು ಬ್ರೇಕ್ ಒತ್ತಿದ ಮೇಲೆ ಸುಮಾರು 55 ಮೀಟರಿಗೆ ನಿಲ್ಲುತ್ತದೆ. ಒಟ್ಟು 83. ಅದೇ ಬ್ರೇಕ್, ಅದೇ ಟೈರ್, 130ರ ಕಾರಿಗೆ 93 ಮೀಟರ್ ಬೇಕು. ಒಟ್ಟು 129.

ಈಗ ಇದನ್ನು ಗಮನವಿಟ್ಟು ಓದಿ. ರಸ್ತೆಯಲ್ಲಿ 85 ಮೀಟರ್ ದೂರದಲ್ಲಿ ಆ ಅಜ್ಜಿ ಇದ್ದಾರೆ. ಎರಡೂ ಕಾರು ಪಕ್ಕಪಕ್ಕ ಬರುತ್ತಿವೆ, ಇಬ್ಬರೂ ಒಟ್ಟಿಗೇ ನೋಡಿದರು, ಒಟ್ಟಿಗೇ ಬ್ರೇಕ್ ಒತ್ತಿದರು. 100ರ ಕಾರು ಅವರ ಮುಂದೆ ನಿಂತಿತು. ಆ ಜಾಗಕ್ಕೆ ಬಂದಾಗ 130ರ ಕಾರಿನ ವೇಗ ಎಷ್ಟಿರುತ್ತದೆ? ಮಕ್ಕಳು 30 ಅಂತಾರೆ, 40 ಅಂತಾರೆ. ಲೆಕ್ಕ ಮಾಡಿದರೆ ಬರುವುದು ಸುಮಾರು 90. ತಪ್ಪು ಓದಿಲ್ಲ, ಗಂಟೆಗೆ 90 ಕಿಲೋಮೀಟರ್. ವೇಗ 30 ಜಾಸ್ತಿ ಅಷ್ಟೆ ಅಲ್ವಾ ಅನಿಸುತ್ತದೆ, ಆದರೆ ಬ್ರೇಕು ತಿನ್ನಬೇಕಾದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 130ರಲ್ಲಿ ಅದು 100ರದ್ದಕ್ಕಿಂತ ಶೇಕಡಾ 69 ಜಾಸ್ತಿ. ಮಳೆ ಬಿದ್ದಿದ್ದರೆ, ಟೈರ್ ಸವೆದಿದ್ದರೆ ಇನ್ನೂ ಕೆಟ್ಟದ್ದು.

ಉಳಿಯುವ ಸಮಯ ಎಷ್ಟು? ಪೂರ್ತಿ 119 ಕಿಲೋಮೀಟರ್ ಒಂದೇ ವೇಗದಲ್ಲಿ ಹೋದರೂ 100ಕ್ಕೆ 71 ನಿಮಿಷ, 130ಕ್ಕೆ 55 ನಿಮಿಷ. 16 ನಿಮಿಷ. ಹಾಗೆ ಯಾರೂ ಪೂರ್ತಿ ಹೋಗಲು ಆಗುವುದಿಲ್ಲ. ಅದರಲ್ಲಿ ಅರ್ಧ ಉಳಿದರೆ ಹೆಚ್ಚು. ಅದೂ ಕೆಂಗೇರಿ ಸಿಗ್ನಲ್ಲಿನಲ್ಲಿ ಹೋಗುತ್ತದೆ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 71 ಸಾವಿಗೆ ಅತಿವೇಗ ಕಾರಣ ಅಂತ ಸಾರಿಗೆ ಸಚಿವಾಲಯದ ವರದಿಯಲ್ಲೇ ಇದೆ. ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಆ ವರ್ಷವೇ ಹೋದ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಂದು ಬಿಡಿಸಿದ್ದ ಹುಡುಗ.

ವೀಕೆಂಡ್_ಡ್ರೈವರ್:
90 ಅನ್ನುವುದನ್ನು ನಂಬಲು ಆಗದೆ ನಾನೇ ಪೆನ್ನು ತೆಗೆದುಕೊಂಡು ಲೆಕ್ಕ ಮಾಡಿದೆ ಸರ್. 91 ಬಂತು. ಇದನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಯಾರೂ ಹೇಳಿರಲಿಲ್ಲ. ಎಂಟು ಹಾಕಿಸಿದರು, ರಿವರ್ಸ್ ತೆಗೆಸಿದರು, ಡಿಎಲ್ ಕೈಗೆ ಬಂತು. ಹೈವೇಗೆ ಯಾರೂ ಒಂದು ದಿನ ಕರೆದುಕೊಂಡು ಹೋಗಿಲ್ಲ.

ಆಶ್‌ಬರ್ನ್_ಕನ್ನಡತಿ:
ಅಮೆರಿಕದ ವರ್ಜೀನಿಯಾದಲ್ಲಿದ್ದೇನೆ, ಮೂಲ ಮಂಡ್ಯದವಳು. 130ಕ್ಕೆ ಎಫ್‌ಐಆರ್ ಅಂತ ಓದಿ ಆಶ್ಚರ್ಯ ಆಗಲಿಲ್ಲ. ಇಲ್ಲೂ ಹೆಚ್ಚುಕಡಿಮೆ ಅದೇ ಇದೆ.

ಇಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಬೇರೆ ಕಡೆ ಬರೀ ಟಿಕೆಟ್ ಕೊಟ್ಟು ಕಳಿಸುವ ವೇಗಕ್ಕೆ ವರ್ಜೀನಿಯಾದಲ್ಲಿ ಕ್ರಿಮಿನಲ್ ಕೇಸ್ ಆಗಬಹುದು. ಬೋರ್ಡಿನಲ್ಲಿರುವ ಮಿತಿಗಿಂತ 20 ಮೈಲಿ ಜಾಸ್ತಿ ಹೋದರೂ ಆಯಿತು, ಮಿತಿ ಎಷ್ಟೇ ಇರಲಿ 85 ಮೈಲಿ ಮೀರಿದರೂ ಆಯಿತು, ಅದು ಅಜಾಗರೂಕ ಚಾಲನೆಯ ಅಪರಾಧ. 85 ಮೈಲಿ ಅಂದರೆ ಸುಮಾರು 137 ಕಿಲೋಮೀಟರ್. ಮೊದಲು 80 ಇತ್ತು, 2020ರಲ್ಲಿ 85 ಮಾಡಿದರು. ಶಿಕ್ಷೆ 12 ತಿಂಗಳವರೆಗೆ ಜೈಲು, 2500 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಲೈಸೆನ್ಸ್ ಅಮಾನತು. ಪೊಲೀಸರ ರಾಡಾರ್ ಮೊದಲೇ ಪತ್ತೆ ಹಚ್ಚುವ ಯಂತ್ರ ಕಾರಿನಲ್ಲಿ ಇಟ್ಟುಕೊಳ್ಳುವುದಕ್ಕೂ ಇಲ್ಲಿ ನಿಷೇಧ ಇದೆ.

ನಾನು ಬಂದ ಹೊಸದರಲ್ಲಿ 55 ಮಿತಿಯ ರಸ್ತೆಯಲ್ಲಿ 78ರಲ್ಲಿ ಸಿಕ್ಕಿಬಿದ್ದೆ. ಟಿಕೆಟ್ ಕಟ್ಟಿ ಮುಗಿಸೋಣ ಅಂದುಕೊಂಡೆ. ಸ್ನೇಹಿತೆ ನೋಡಿ, ಇದು ಕೋರ್ಟಿಗೆ ಹೋಗಬೇಕಾದ ಕೇಸ್ ಕಣೇ ಅಂದಳು. ನನ್ನದು ಎಚ್1ಬಿ, ಅಂದರೆ ಕೆಲಸದ ವೀಸಾ, ಮುಂದೆ ಅರ್ಜಿಗಳಲ್ಲಿ ಯಾವುದಾದರೂ ಅಪರಾಧಕ್ಕೆ ಶಿಕ್ಷೆ ಆಗಿದೆಯಾ ಅಂತ ಕೇಳುತ್ತಾರೆ. ಒಂದು ತಿಂಗಳು ನಿದ್ದೆ ಇಲ್ಲ. ವಕೀಲರನ್ನು ಹಿಡಿದು, ಡ್ರೈವಿಂಗ್ ಸುಧಾರಣೆ ಕ್ಲಾಸಿಗೆ ಹೋಗಿ ಸರ್ಟಿಫಿಕೇಟ್ ತಂದೆ. ಜಡ್ಜ್ ಅದನ್ನು ನೋಡಿ ಸಾಮಾನ್ಯ ಅತಿವೇಗಕ್ಕೆ ಇಳಿಸಿದರು. ಅಕ್ಕ ಭಾವನ ಸಂಕಟ ನನಗೆ ಪೂರ್ತಿ ಅರ್ಥ ಆಗುತ್ತದೆ. ಭಾವನೂ ಅಂಥದ್ದೇನಾದರೂ ತರಬೇತಿ ಮುಗಿಸಿ ಹೋದರೆ ಒಳ್ಳೆಯದಾಗಬಹುದು.

ಆದರೆ ಇಲ್ಲಿ ಎಲ್ಲರೂ ಹೆದರಿಕೊಂಡು ಓಡಿಸುವುದು ದಂಡಕ್ಕೆ ಅಲ್ಲ. ಒಮ್ಮೆ ಸಿಕ್ಕರೆ ಲೈಸೆನ್ಸಿನ ಮೇಲೆ ಪಾಯಿಂಟ್ ಕೂರುತ್ತದೆ, ಇನ್ಶೂರೆನ್ಸ್ ಏರುತ್ತದೆ, ವರ್ಷಗಟ್ಟಲೆ ಅದು ಹಿಂದೆ ಬರುತ್ತದೆ. ಅರ್ಧ ದುಡ್ಡು ಕಟ್ಟಿ ಮುಗಿಸಿ ಅಂತ ಯಾರೂ ಕರೆಯುವುದಿಲ್ಲ.

ತುಮಕೂರು_ತಂದೆ:
ಅರ್ಧ ದುಡ್ಡಿನ ಮಾತು ಬಂತಲ್ಲ, ಅದರ ಬಗ್ಗೆ ನನಗೆ ಸಿಟ್ಟೇ ಇದೆ. 2023ರ ಫೆಬ್ರವರಿಯಲ್ಲಿ ಬಾಕಿ ಇದ್ದ ಟ್ರಾಫಿಕ್ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟರು. ಜನ ಸಾಲು ನಿಂತು ಕಟ್ಟಿದರು. ಆಮೇಲೆ ಮತ್ತೆ ಕೊಟ್ಟರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ. ನನ್ನ ಮಗನ ಗೆಳೆಯರು ಹೇಳುವುದನ್ನು ಕಿವಿಯಾರೆ ಕೇಳಿದ್ದೇನೆ. ಈಗ ಯಾಕೆ ಕಟ್ಟಬೇಕು ಅಂಕಲ್, ಮುಂದಿನ ಆಫರ್‌ಗೆ ಕಟ್ಟಿದರಾಯಿತು ಅಂತ. ದಂಡವನ್ನು ಆಫರ್ ಅಂತಾರೆ ಮಕ್ಕಳು. ಬಾಕಿ ವಸೂಲಾಗಬೇಕು ಅನ್ನುವುದು ಸರ್ಕಾರದ ಕಷ್ಟ, ಒಪ್ಪುತ್ತೇನೆ. ಆದರೆ ಬಂದ ದಿನವೇ ಪೂರ್ತಿ ಕಟ್ಟಿದ ನನ್ನಂಥವನಿಗೆ ಏನು ಹೇಳಿದಂತಾಯಿತು?

ಇನ್ನೊಂದು ನನ್ನದೇ ಕಷ್ಟ. ನಾನು ಜನ್ಮದಲ್ಲಿ ಹೋಗದ ಊರಿನಿಂದ ನನ್ನ ಸ್ಕೂಟರ್ ನಂಬರಿಗೆ ಅತಿವೇಗದ ಚಲನ್ ಬಂದಿದೆ. ಫೋಟೋದಲ್ಲಿ ಇರುವುದು ಬೈಕು. ಫೋನ್ ಮಾಡಿದರೆ ಅಲ್ಲಿಗೇ ಬನ್ನಿ ಅಂತಾರೆ. 300 ಕಿಲೋಮೀಟರ್. ಏನು ಮಾಡಲಿ?

ವಕೀಲರು_ಮೈಸೂರು:
ಹೋಗಬೇಕಿಲ್ಲ ಸರ್. ಪರಿವಾಹನ್ ಇ-ಚಲನ್ ವೆಬ್‌ಸೈಟಿನಲ್ಲಿ ದೂರು ಕೊಡುವ ಜಾಗ ಇದೆ. ಚಲನ್ ನಂಬರ್ ಹಾಕಿ, ಆರ್‌ಸಿ ಮತ್ತು ನಿಮ್ಮ ಸ್ಕೂಟರಿನ ಫೋಟೋ ಸೇರಿಸಿ. ನಿಮ್ಮ ನಂಬರ್ ಪ್ಲೇಟ್ ಬೇರೆ ಯಾರೋ ಹಾಕಿಕೊಂಡಿರಬಹುದು, ಹಾಗಾಗಿ ನಿಮ್ಮ ಠಾಣೆಯಲ್ಲೂ ಒಂದು ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ನಾಳೆ ಆ ಬೈಕ್ ಯಾರಿಗಾದರೂ ಗುದ್ದಿದರೆ ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ.

ಎಲ್ಲರಿಗೂ ಉಪಯೋಗ ಆಗುವ ಮಾತು ಹೇಳಿಬಿಡುತ್ತೇನೆ. ಬರೀ ಕಣ್ಣಂದಾಜಿನ ಮೇಲೆ ಅತಿವೇಗದ ಶಿಕ್ಷೆ ಕೊಡುವ ಹಾಗಿಲ್ಲ, ಯಂತ್ರದ ಅಳತೆ ಇರಬೇಕು ಅಂತ 183ರಲ್ಲೇ ಇದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ನಿಯಮಗಳಿಗೆ 167ಎ ಅಂತ ಸೇರಿಸಿದರು. ಕ್ಯಾಮೆರಾಗೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಕ್ಯಾಮೆರಾ ಇರುವ ಜಾಗಕ್ಕೆ ಮೊದಲೇ ಎದ್ದುಕಾಣುವ ಬೋರ್ಡ್ ಇರಬೇಕು. ಅಪರಾಧ ಆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಇದನ್ನು ತಪ್ಪಿಸಿಕೊಳ್ಳುವ ದಾರಿ ಅಂತ ಹೇಳುತ್ತಿಲ್ಲ. ಜನರ ಮೇಲೆ ಕೇಸ್ ಹಾಕುವಾಗ ಇಲಾಖೆಯೂ ನಿಯಮ ಪಾಲಿಸಿದರೆ ಆ ದಂಡಕ್ಕೆ ಬೆಲೆ ಇರುತ್ತದೆ.

ಮದ್ದೂರು_ಮಗಳು:
ಬಡಿದು ನಿಲ್ಲದೆ ಹೋದವರಿಗೆ ಏನು ಶಿಕ್ಷೆ ಸರ್? ಅಜ್ಜಿಯ ಮಗ ಇನ್ನೂ ನ್ಯಾಯಕ್ಕಾಗಿ ಓಡಾಡುತ್ತಿದ್ದಾನೆ.

ವಕೀಲರು_ಮೈಸೂರು:
ಅಜಾಗರೂಕತೆಯಿಂದ ಸಾವಾದರೆ ಹಳೆಯ ಐಪಿಸಿ 304ಎ ಪ್ರಕಾರ 2 ವರ್ಷದವರೆಗೆ ಇತ್ತು. 2024ರ ಜುಲೈ 1ರಿಂದ ಹೊಸ ಸಂಹಿತೆಯ 106ರಲ್ಲಿ 5 ವರ್ಷದವರೆಗೆ ಆಗಿದೆ. ನಿಮ್ಮ ಅಜ್ಜಿಯದು 2023ರದ್ದು, ಹಾಗಾಗಿ ಹಳೆಯದೇ ಅನ್ವಯ ಆಗುತ್ತದೆ. ಗಾಡಿ ಸಿಗದಿದ್ದರೂ ಕುಟುಂಬಕ್ಕೆ ಪರಿಹಾರ ಇದೆ ತಾಯಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ಹಿಟ್ ಅಂಡ್ ರನ್ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ. ಮಗ ಅರ್ಜಿ ಹಾಕಿದ್ದಾರಾ? ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಸಂಬಂಧದ ದಾಖಲೆ ಇಟ್ಟುಕೊಂಡು ಉಪವಿಭಾಗಾಧಿಕಾರಿ ಅಥವಾ ತಹಸೀಲ್ದಾರ್ ಕಚೇರಿಯಲ್ಲಿ ಕೇಳಲಿ. ನನಗೆ ಮೆಸೇಜ್ ಮಾಡಲು ಹೇಳಿ, ಅರ್ಜಿ ನಾನೇ ಬರೆದುಕೊಡುತ್ತೇನೆ. ಫೀಸ್ ಏನೂ ಬೇಡ.

ಮದ್ದೂರು_ಮಗಳು:
ಅವನಿಗೆ ಇದು ಗೊತ್ತೇ ಇಲ್ಲ ಸರ್. ಸಂಜೆ ಹೋಗಿ ಹೇಳುತ್ತೇನೆ.

ಕೆಂಗೇರಿ_ಉಪನಗರ:
ಎಲ್ಲರಿಗೂ ಉತ್ತರ ಕೊಡಲು ತಡ ಆಯಿತು, ಕ್ಷಮಿಸಿ.

ಭಾವ ಮೊನ್ನೆ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದರು. ಜಾಮೀನು ಆಯಿತು. ಕೋರ್ಟ್ ದಿನಾಂಕ ಮುಂದಿನ ತಿಂಗಳು. ನನ್ನ ಸಾವಿರ ಪೂರ್ತಿ ಕಟ್ಟಿದೆ, ಮುಂದಿನ ರಿಯಾಯಿತಿಗೆ ಕಾಯಲಿಲ್ಲ.

ಮೇಷ್ಟ್ರ ಲೆಕ್ಕವನ್ನು ಊಟದ ಹೊತ್ತಿನಲ್ಲಿ ಮನೆಯಲ್ಲಿ ಓದಿದೆ. ದೊಡ್ಡ ಮಗಳು ಎಂಟನೇ ಕ್ಲಾಸು. ಅಪ್ಪ, ಅವತ್ತು ನೀನು 118ರಲ್ಲಿದ್ದೆ, ಹಾಗಾದರೆ ನಿನ್ನ ಕಾರು ಆ ಜಾಗದಲ್ಲಿ ಎಷ್ಟಿರುತ್ತಿತ್ತು ಅಂತ ಕೇಳಿದಳು. ನನಗೆ ಗೊತ್ತಾಗಲಿಲ್ಲ. ಮೇಷ್ಟ್ರೇ, ಲೆಕ್ಕ ಮಾಡಿ ಹೇಳುತ್ತೀರಾ?

ಫಿಸಿಕ್ಸ್_ಮೇಷ್ಟ್ರು_ಹಾಸನ:
ಸುಮಾರು 70. ಮಗಳಿಗೆ ಸೂತ್ರ ಬರೆದು ಕಳಿಸಿದ್ದೇನೆ, ಅವಳೇ ಮಾಡಿ ನೋಡಲಿ.

ಎಳನೀರು_ಲಾರಿ:
ಮುಂದಿನ ಸಲ ಮೈಸೂರಿಗೆ ಹೋಗುವಾಗ ಮದ್ದೂರಿನಲ್ಲಿ ಇಳಿಯಿರಿ ಸ್ವಾಮಿ. ಮಾರ್ಕೆಟ್ಟಿನ ಹತ್ತಿರ ನಿಂತು ಮಕ್ಕಳಿಗೆ ಎಳನೀರು ಕುಡಿಸಿ, ಆಮೇಲೆ ನಿಧಾನಕ್ಕೆ ಹೊರಡಿ. ನಾನು ಬೆಳಿಗ್ಗೆ ಹತ್ತರವರೆಗೆ ಅಲ್ಲೇ ಲೋಡ್ ಮಾಡುತ್ತಿರುತ್ತೇನೆ.